ಬಿ.ಫಾರ್ಮ ಓದಿದವರು ಆಸ್ಪತ್ರೆಯ ರೇಡಿಯೋಫಾರ್ಮಸಿಗೆ ಹೋಗಬಹುದಾ?

ವಿಜಯಪುರದಲ್ಲಿ ಬಿ.ಫಾರ್ಮ ಮುಗಿಸಿದ್ದೇನೆ, ಬೆಳಗಾವಿಯಲ್ಲೇ ಈ ಕೆಲಸ ಮಾಡುವ ಆಸೆ ಇದೆ ಅಂತ ಕೇಳಿದ್ದೀರಿ. ಹೋಗಬಹುದು. ಆದರೆ ಫಾರ್ಮಸಿ ಪದವಿಯೊಂದೇ ಸಾಲುವುದಿಲ್ಲ.

ರೇಡಿಯೋಫಾರ್ಮಸಿ ಅಂದರೆ ಸ್ಕ್ಯಾನಿಗೆ, ಚಿಕಿತ್ಸೆಗೆ ಬೇಕಾದ ವಿಕಿರಣ ಸೂಸುವ ಔಷಧಿ ತಯಾರಿಸುವ ವಿಭಾಗ. ಇಲ್ಲಿನ ಔಷಧಿಯನ್ನು ಕಪಾಟಿನಲ್ಲಿ ಕೂಡಿಡಲು ಆಗುವುದಿಲ್ಲ. ಹೆಚ್ಚು ಬಳಸುವ ವಿಕಿರಣ ವಸ್ತು ಟೆಕ್ನೀಶಿಯಂ-99ಎಂ 6 ಗಂಟೆಗೆ ಅರ್ಧವಾಗುತ್ತದೆ. ಅದಕ್ಕೇ ನಿಧಾನವಾಗಿ ಟೆಕ್ನೀಶಿಯಂ ಆಗಿ ಬದಲಾಗುವ ಮಾಲಿಬ್ಡಿನಮ್-99 ಇರುವ ಜನರೇಟರ್ ಅನ್ನುವ ಪೆಟ್ಟಿಗೆ ತರಿಸಿ, ಬೆಳಿಗ್ಗೆ ಸಲೈನ್ ಹಾಯಿಸಿ ಅಲ್ಲೇ ತೆಗೆಯುತ್ತಾರೆ. ಆಮೇಲೆ ಮೂಳೆಗೊಂದು, ಕಿಡ್ನಿಗೊಂದು ಅಂತ ಆಯಾ ಅಂಗಕ್ಕೆ ತಲುಪಿಸುವ ಔಷಧಿಯಿರುವ ಬೇರೆ ಬೇರೆ ಕಿಟ್‌ಗೆ ಬೆರೆಸುತ್ತಾರೆ. ಮಾಲಿಬ್ಡಿನಮ್ ಕೂಡ ಜೊತೆಗೆ ಬಂದುಬಿಟ್ಟಿದೆಯಾ, ಟೆಕ್ನೀಶಿಯಂ ಔಷಧಿಗೆ ಸರಿಯಾಗಿ ಅಂಟಿದೆಯಾ ಅಂತ ರೋಗಿಗೆ ಕೊಡುವ ಮುಂಚೆಯೇ ನೋಡಬೇಕು. ಕ್ರಿಮಿ ಸೇರಬಾರದು, ನಿಮ್ಮ ಬೆರಳಿಗೆ ವಿಕಿರಣವೂ ಜಾಸ್ತಿ ತಾಗಬಾರದು. ಎರಡನ್ನೂ ಒಟ್ಟಿಗೆ ಸಂಭಾಳಿಸುವುದು ಕೈಯಿಂದ ಮಾಡಿಯೇ ಕಲಿಯಬೇಕಾದ ಕೆಲಸ.

ಪೆಟ್ ಸ್ಕ್ಯಾನಿಗೆ ಬೇಕಾದ ಫ್ಲೋರಿನ್-18 ಸುಮಾರು 110 ನಿಮಿಷಕ್ಕೇ ಅರ್ಧವಾಗುತ್ತದೆ. ಬೆಂಗಳೂರಿನಿಂದ ಬೆಳಗಾವಿಗೆ ರಸ್ತೆಯಲ್ಲಿ 9 ಗಂಟೆ ಹಿಡಿದರೆ, ಮೂವತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಈ ಲೆಕ್ಕ ಗಟ್ಟಿ ಇರುವವರು ನಮ್ಮ ಕಡೆಗೆ ಬೇಕೇ ಬೇಕು ಅಲ್ವಾ?

ಬೇಸರದ ಸಂಗತಿ ಅಂದರೆ, ಎಷ್ಟೋ ಆಸ್ಪತ್ರೆಗಳಲ್ಲಿ ರೇಡಿಯೋಫಾರ್ಮಸಿಸ್ಟ್ ಅನ್ನುವ ಹುದ್ದೆಯೇ ಇಲ್ಲ. ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್ ಸ್ಕ್ಯಾನ್ ಕೆಲಸದ ಜೊತೆ ಇದನ್ನೂ ಮಾಡುತ್ತಾರೆ. ಇದು ಬದಲಾಗಬೇಕು. ಸದ್ಯಕ್ಕೆ ನೀವೂ ಆ ದಾರಿಯಲ್ಲೇ ಬರುವುದು ಒಳ್ಳೆಯದು. ಮಣಿಪಾಲದ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿ ಕೋರ್ಸ್, ಮುಂಬೈನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಯ ರೇಡಿಯೇಶನ್ ಮೆಡಿಸಿನ್ ಸೆಂಟರ್ ಎರಡನ್ನೂ ವಿಚಾರಿಸಿ. ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಮಂಡಳಿ ಎಇಆರ್‌ಬಿ ಒಪ್ಪುವ ಕೋರ್ಸೇ ಆಗಿರಲಿ. ಬಿ.ಫಾರ್ಮದವರಿಗೆ ಪ್ರವೇಶ ಇದೆಯಾ ಅಂತ ಫೀ ಕಟ್ಟುವ ಮುಂಚೆಯೇ ಕೇಳಿಕೊಳ್ಳಿ.