ಮರುಭೂಮಿಯ ಬೇಸಿಗೆಯಲ್ಲಿ ಮೋಟಾರ್‌ಹೋಮ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಊರಿಂದ ಅಪ್ಪ ಅಮ್ಮ ಜೂನ್ ಕೊನೆಗೆ ಬರುತ್ತಾರೆ. ಲಾಸ್ ವೇಗಸ್‌ನಲ್ಲಿ ಮೋಟಾರ್‌ಹೋಮ್ ಬಾಡಿಗೆಗೆ ತೆಗೆದುಕೊಂಡು ಝಯಾನ್, ಬ್ರೈಸ್ ರಾಷ್ಟ್ರೀಯ ಉದ್ಯಾನಗಳು, ಪೇಜ್ ಊರು, ಗ್ರ್ಯಾಂಡ್ ಕ್ಯಾನ್ಯನ್ ಸುತ್ತುವ ಯೋಚನೆ ಇದೆ. ಡೆತ್ ವ್ಯಾಲಿಯನ್ನೂ ಸೇರಿಸಬಹುದೇ? ಇಬ್ಬರಿಗೂ ಎಪ್ಪತ್ತು ದಾಟಿದೆ. — ಓದುಗರು, ಸ್ಯಾನ್ ಹೋಸೆ

ಉತ್ತರ: ಡೆತ್ ವ್ಯಾಲಿ ಬೇಡವೇ ಬೇಡ. 1913ರ ಜುಲೈ 10ರಂದು ಅಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇವತ್ತಿಗೂ ವಿಶ್ವದಾಖಲೆ. ಜುಲೈನಲ್ಲಿ 45 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಬೇಸಿಗೆಯಲ್ಲಿ ಅಲ್ಲಿಗೆ ಗಾಡಿ ಒಯ್ಯಬಾರದೆಂದು ಬಾಡಿಗೆ ಕರಾರಿನಲ್ಲೇ ಬರೆದಿರುವ ಕಂಪನಿಗಳಿವೆ. ಸಹಿ ಹಾಕುವ ಮೊದಲು ಆ ಪುಟ ಓದಿ.

ಉಳಿದ ದಾರಿ ಒಳ್ಳೆಯದೇ. ಆದರೆ ರಾತ್ರಿ ಎಲ್ಲಿ ಮಲಗಬೇಕೆಂಬುದನ್ನು ಊರಿನ ಹೆಸರು ನೋಡಿ ಅಲ್ಲ, ಎತ್ತರ ನೋಡಿ ತೀರ್ಮಾನಿಸಿ. ಲಾಸ್ ವೇಗಸ್ ಸುಮಾರು 2,000 ಅಡಿ, ಝಯಾನ್ ಬಾಗಿಲಲ್ಲಿರುವ ಸ್ಪ್ರಿಂಗ್‌ಡೇಲ್ 3,900, ಪೇಜ್ 4,300. ಈ ಮೂರೂ ಕಡೆ ಹಗಲು ಕಾದ ಗಾಡಿ ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಇಲ್ಲಿ ಕರೆಂಟ್ ಸಂಪರ್ಕವಿರುವ ಜಾಗವನ್ನೇ ಮೊದಲೇ ಕಾದಿರಿಸಿ. ರಾಷ್ಟ್ರೀಯ ಉದ್ಯಾನಗಳ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ರಾತ್ರಿ ಜನರೇಟರ್ ಓಡಿಸಲು ಬಿಡುವುದಿಲ್ಲ, ಆದ್ದರಿಂದ ಅದನ್ನು ನಂಬಿಕೊಂಡು ಹೋಗಬೇಡಿ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು 7,000 ಅಡಿ, ಬ್ರೈಸ್ ಅಂಚು 8,000 ಅಡಿ. ಅಲ್ಲಿ ಎಸಿ ಇಲ್ಲದೆಯೂ ನಿದ್ದೆ ಬರುತ್ತದೆ. ಬ್ರೈಸ್‌ನಲ್ಲಂತೂ ಜುಲೈ ರಾತ್ರಿಯೂ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು, ಹಿರಿಯರಿಗೆ ಸ್ವೆಟರ್ ಇರಲಿ. ಅಷ್ಟು ಎತ್ತರದಲ್ಲಿ ಮೊದಲ ದಿನ ಸ್ವಲ್ಪ ನಡೆದರೂ ಏದುಸಿರು ಬರಬಹುದು. ಆ ದಿನ ದೊಡ್ಡ ನಡಿಗೆ ಇಟ್ಟುಕೊಳ್ಳಬೇಡಿ. ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಾಕಿ. ಗಾಡಿಯ ಟ್ಯಾಂಕಿನ ನೀರನ್ನು ಇದಕ್ಕೆ ಸೇರಿಸಬೇಡಿ, ಅದು ಸ್ನಾನಕ್ಕೆ, ಪಾತ್ರೆಗೆ.

ಇನ್ನೊಂದು ವಿಷಯ. ಝಯಾನ್‌ನಿಂದ ಪೂರ್ವಕ್ಕೆ ಹೋಗುವ ರಸ್ತೆಯಲ್ಲಿ 1930ರಲ್ಲಿ ಮುಗಿದ 1.1 ಮೈಲಿ ಉದ್ದದ ಸುರಂಗವಿದೆ. ಅದು ಇಂದಿನ ಮೋಟಾರ್‌ಹೋಮ್‌ಗಳ ಅಳತೆಗೆ ಕೊರೆದದ್ದಲ್ಲ. 11 ಅಡಿ 4 ಅಂಗುಲಕ್ಕಿಂತ ಎತ್ತರ ಅಥವಾ 7 ಅಡಿ 10 ಅಂಗುಲಕ್ಕಿಂತ ಅಗಲ ಇರುವ ಗಾಡಿಗಳನ್ನು 2026ರಿಂದ ಬೇರೆ ದಾರಿಗೆ ಕಳಿಸುವ ತೀರ್ಮಾನವಾಗಿದೆ. ನಿಮ್ಮ ಗಾಡಿಯೂ ಇದರಲ್ಲೇ ಬರುವುದು ಬಹುತೇಕ ಖಚಿತ. ಹರಿಕೇನ್ ಎಂಬ ಊರಿನಿಂದ 59ನೇ ಹೆದ್ದಾರಿ ಹಿಡಿದು ಫ್ರೆಡೋನಿಯಾ ಮೂಲಕ ಕನಾಬ್ ಸೇರಿ. ಬ್ರೈಸ್‌ಗೂ ಪೇಜ್‌ಗೂ ಅಲ್ಲಿಂದ ರಸ್ತೆ ಇದೆ.

ಪ್ರಶ್ನೆ: ಎಸಿ ಓಡುತ್ತಿರುವಾಗ ಇನ್‌ಸ್ಟಂಟ್ ಪಾಟ್‌ನಲ್ಲಿ ಅನ್ನಕ್ಕಿಟ್ಟರೆ ಕರೆಂಟ್ ಹೋಗುತ್ತದೆ. ಮಧ್ಯಾಹ್ನ ಎಸಿ ಓಡಿದರೂ ಒಳಗೆ ತಂಪಾಗುವುದೇ ಇಲ್ಲ. ಎಸಿ ಕೆಟ್ಟಿದೆಯೇ? — ಓದುಗರು, ಫೀನಿಕ್ಸ್

ಉತ್ತರ: ಎರಡೂ ಬೇರೆ ಬೇರೆ ಸಮಸ್ಯೆ. ಮೊದಲು ಕರೆಂಟ್ ನೋಡೋಣ. ನಿಮ್ಮದು 30 ಆಂಪಿಯರ್ ಗಾಡಿಯಾದರೆ 120 ವೋಲ್ಟ್‌ನಲ್ಲಿ ಒಟ್ಟು ಸಿಗುವುದು 3,600 ವಾಟ್. ಸುಡುಬಿಸಿಲಲ್ಲಿ ಚಾವಣಿಯ ಎಸಿ ಒಂದೇ 14 ಆಂಪಿಯರ್‌ನಷ್ಟು ಎಳೆಯುತ್ತದೆ. ನೀರು ಕಾಯಿಸುವ ಹೀಟರ್ ಕರೆಂಟ್ ಮೇಲಿದ್ದರೆ ಇನ್ನೊಂದು 12, ಫ್ರಿಜ್ 3, ಇನ್‌ಸ್ಟಂಟ್ ಪಾಟ್ 8 ಅಥವಾ 9. ಕೂಡಿದರೆ 37 ದಾಟಿತು, ಬ್ರೇಕರ್ ಬೀಳದೆ ಇನ್ನೇನಾಗುತ್ತದೆ! ಹೀಟರನ್ನು ಗ್ಯಾಸ್‌ಗೆ ತಿರುಗಿಸಿ. ಅಷ್ಟಾದರೆ ಎಸಿ ಆರಿಸದೆಯೇ ಅನ್ನ ಆಗುತ್ತದೆ. ಮೈಕ್ರೋವೇವ್ ಮಾತ್ರ ಅದೇ ಹೊತ್ತಿಗೆ ಹಾಕಬೇಡಿ.

ಕ್ಯಾಂಪ್ ಜಾಗದ ಕರೆಂಟ್ ಕಂಬದ ಪೆಟ್ಟಿಗೆಗೆ ಪ್ಲಗ್ ಚುಚ್ಚುವ ಮೊದಲು ಅಲ್ಲಿನ ಬ್ರೇಕರ್ ಆಫ್ ಮಾಡಿ. ಆ ಪೆಟ್ಟಿಗೆಯ ಸಾಕೆಟ್ ಕಪ್ಪಾಗಿದ್ದರೆ ಆ ಜಾಗ ಬದಲಿಸಿ ಕೊಡಲು ಕೇಳಿ. ಒಳಗಿನ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ವೋಲ್ಟ್‌ಮೀಟರ್ ಒಂದನ್ನು ಇಟ್ಟುಕೊಳ್ಳಿ. ಮಧ್ಯಾಹ್ನ ಎಲ್ಲರ ಎಸಿಯೂ ಓಡುವಾಗ ವೋಲ್ಟೇಜ್ ಕುಸಿಯುತ್ತದೆ. 105ಕ್ಕಿಂತ ಕೆಳಗಿಳಿದರೆ ಎಸಿ ನಿಲ್ಲಿಸಿ, ಇಲ್ಲದಿದ್ದರೆ ಕಂಪ್ರೆಸರ್ ಸುಟ್ಟುಹೋಗಬಹುದು.

ಇನ್ನು ತಂಪು. ಈ ಎಸಿ ತಾನು ಎಳೆದುಕೊಂಡ ಗಾಳಿಯನ್ನು ಒಂದು ಸುತ್ತಿಗೆ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ತಣಿಸುತ್ತದೆ. ಹೀರುವ ಜಾಲರಿಯ ಬಳಿ ಮತ್ತು ಗಾಳಿ ಹೊರಬರುವ ಕಡೆ ಥರ್ಮಾಮೀಟರ್ ಹಿಡಿದು ನೋಡಿ. 16ರಿಂದ 22ರ ವ್ಯತ್ಯಾಸ ಕಂಡರೆ ಎಸಿ ಸರಿಯಾಗಿದೆ, ಗಾಡಿಯೇ ಕಾದಿದೆ. ಬೆಳಗ್ಗೆ ಏಳಕ್ಕೇ ಎಸಿ ಹಾಕಿ. ಒಮ್ಮೆ ಗೋಡೆ, ಹಾಸಿಗೆ, ಪಾತ್ರೆ ಎಲ್ಲ ಕಾದ ಮೇಲೆ ಸಂಜೆಯವರೆಗೂ ಅದು ಸೋಲುತ್ತಲೇ ಇರುತ್ತದೆ. ಮುಂದಿನ ಗಾಜಿಗೆ ಬೆಳ್ಳಿ ಹಾಳೆ ಹಾಕಿ, ಚಾಲಕನ ಹಿಂದಿನ ಪರದೆ ಎಳೆಯಿರಿ, ಚಾವಣಿಯ ಕಿಂಡಿಗೆ ದಪ್ಪ ಫೋಮ್ ತುರುಕಿ. ವ್ಯತ್ಯಾಸ ಕಡಿಮೆಯಿದ್ದರೆ ಫಿಲ್ಟರ್ ಬಿಚ್ಚಿ ತೊಳೆಯಿರಿ. ಮರುಭೂಮಿಯ ಧೂಳು ಅದನ್ನು ಬೇಗ ಮುಚ್ಚುತ್ತದೆ, ಆಗ ಕಾಯಿಲ್ ಮೇಲೆ ಮಂಜು ಕಟ್ಟಿ ಗಾಳಿಯೇ ಬರುವುದಿಲ್ಲ. ಫ್ಯಾನ್ ಮಾತ್ರ ಓಡಿಸಿದರೆ ಮಂಜು ಕರಗುತ್ತದೆ.

ಪ್ರಶ್ನೆ: ಗ್ಯಾಸ್ ಫ್ರಿಜ್‌ನಲ್ಲಿಟ್ಟ ಮೊಸರು ಒಂದೇ ದಿನಕ್ಕೆ ಹುಳಿಯಾಗುತ್ತದೆ. ಏನು ಮಾಡುವುದು? — ಓದುಗರು, ಡಾಲಸ್

ಉತ್ತರ: ಈ ಫ್ರಿಜ್‌ನಲ್ಲಿ ಕಂಪ್ರೆಸರ್ ಇಲ್ಲ. ಉರಿಯ ಶಾಖಕ್ಕೆ ಅಮೋನಿಯಾ ಆವಿಯಾಗಿ ಮೇಲೇರಿ, ಹಿಂಬದಿಯಲ್ಲಿ ತಣಿದು, ತನ್ನ ಭಾರಕ್ಕೇ ಕೆಳಗೆ ಹರಿಯಬೇಕು. ಗಾಡಿ ವಾಲಿ ನಿಂತಿದ್ದರೆ ಹರಿವು ನಿಲ್ಲುತ್ತದೆ, ಹಾಗೇ ಓಡಿಸಿದರೆ ಫ್ರಿಜ್ಜೇ ಹಾಳಾಗುತ್ತದೆ. ಆದ್ದರಿಂದ ನಿಲ್ಲಿಸಿದ ಕೂಡಲೇ ಮಟ್ಟ ನೋಡಿ, ತಗ್ಗಿದ ಗಾಲಿಯಡಿ ಹಲಗೆ ಕೊಡಿ. ಹೊರಗೋಡೆಯಲ್ಲಿ ಫ್ರಿಜ್‌ನ ಜಾಲರಿ ಬಾಗಿಲು ಯಾವ ಕಡೆ ಇದೆಯೋ ಆ ಕಡೆ ಉತ್ತರಕ್ಕೋ ಪೂರ್ವಕ್ಕೋ ಬರುವಂತೆ ಗಾಡಿ ನಿಲ್ಲಿಸಿ. ಪಡುವಣ ಬಿಸಿಲು ಬಿದ್ದರೆ ಅಲ್ಲಿಂದ ಶಾಖ ಹೊರಹೋಗುವುದಿಲ್ಲ. ಹೊರಡುವ ಹಿಂದಿನ ರಾತ್ರಿಯೇ ಫ್ರಿಜ್ ಹಾಕಿಡಿ, ತಣ್ಣಗಿರುವ ಸಾಮಾನನ್ನೇ ಇಡಿ. ಬಿಸಿ ಸಾರಿನ ಪಾತ್ರೆ ಇಟ್ಟರೆ ಅದು ಮತ್ತೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಪೆಟ್ರೋಲ್ ಬಂಕಿಗೆ ತಿರುಗುವ ಮುನ್ನ ಫ್ರಿಜ್‌ನ ಉರಿ ಆರಿಸಲು ಮರೆಯಬೇಡಿ.

ಪ್ರಶ್ನೆ: ಬಿಸಿಲಿಗೆ ಟೈರ್ ಗಾಳಿ ಏರಿದರೆ ಸ್ವಲ್ಪ ಬಿಡಬೇಕೇ? — ಓದುಗರು, ಲಾಸ್ ಏಂಜಲಿಸ್

ಉತ್ತರ: ಬಿಡಲೇಬಾರದು. ಟೈರ್ ಸಿಡಿಯುವುದು ಹೆಚ್ಚಾಗಿ ಗಾಳಿ ಕಡಿಮೆಯಾಗಿ, ಪಕ್ಕದ ರಬ್ಬರ್ ಮಡಚಿ ಮಡಚಿ ಕಾದಾಗ. ಬೆಳಗ್ಗೆ ಗಾಡಿ ಕದಲುವ ಮೊದಲು, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು ಗಾಳಿ ಇದೆಯೇ ನೋಡಿ. ಹಿಂದಿನ ಜೋಡಿ ಗಾಲಿಗಳಲ್ಲಿ ಒಳಗಿನದನ್ನು ಯಾರೂ ನೋಡುವುದಿಲ್ಲ. ಅದು ಇಳಿದಿದ್ದರೆ ಭಾರವೆಲ್ಲ ಹೊರಗಿನದರ ಮೇಲೆ ಬಿದ್ದು ಅದೂ ಹೋಗುತ್ತದೆ. ಟೈರಿನ ಮೇಲೆ ಡಿಒಟಿ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2318 ಎಂದಿದ್ದರೆ 2018ರ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ಅಷ್ಟು ಹಳೆಯದಾದರೆ ಬೇರೆ ಗಾಡಿ ಕೇಳಿ.

ಪ್ರಶ್ನೆ: ಅರಿಜೋನಾದಲ್ಲಿ ಎದುರಿಗೆ ಧೂಳಿನ ಗೋಡೆ ಬಂದರೆ? — ಓದುಗರು, ಸಿಯಾಟಲ್

ಉತ್ತರ: ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಇದರ ಕಾಲ. ಒಳಗೆ ನುಗ್ಗಬೇಡಿ. ರಸ್ತೆಯಿಂದ ಆದಷ್ಟು ದೂರ ಇಳಿಸಿ ನಿಲ್ಲಿಸಿ, ತುರ್ತುದೀಪವೂ ಸೇರಿ ಎಲ್ಲ ದೀಪ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಕಾಲನ್ನು ಬ್ರೇಕಿನಿಂದ ತೆಗೆಯಿರಿ. ದೀಪ ಉರಿಯುತ್ತಿದ್ದರೆ ಹಿಂದೆ ಬರುವವರು ಅದೇ ರಸ್ತೆಯೆಂದುಕೊಂಡು ನಿಮ್ಮನ್ನು ಹಿಂಬಾಲಿಸಿ ಬಂದು ಗುದ್ದುತ್ತಾರೆ. ಬೆಲ್ಟ್ ಬಿಚ್ಚದೆ ಒಳಗೇ ಕೂತಿರಿ.