ಮಂಚದ ಕೆಳಗಿನ ಪುಸ್ತಕ, ದಿಬ್ರುಗಢದ ರೈಲು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದವರು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನವರು. ನಲವತ್ತೈದು ದಾಟಿದೆ. ಸಹಕಾರ ಸಂಘದಲ್ಲಿ ಗುಮಾಸ್ತರ ಕೆಲಸ. ಮನೆಯಲ್ಲಿ ಗಂಡ, ಅತ್ತೆ, ಪಿಯುಸಿ ಓದುವ ಮಗ. ರಾತ್ರಿ ನಿದ್ದೆ ಬರುವುದಿಲ್ಲ, ಬರೆಯಲು ಕೂತರೆ ಒಂದು ಸಾಲೂ ಹೊಳೆಯುವುದಿಲ್ಲ ಎಂದರು.

ಬರವಣಿಗೆ ಅವರಿಗೆ ಹೊಸದಲ್ಲ. ಒಗ್ಗರಣೆ ಹಾಕುವಾಗ ಹೊಳೆದದ್ದು, ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಬಿದ್ದದ್ದು, ಇಂಥವನ್ನೇ ಲಲಿತ ಪ್ರಬಂಧ ಮಾಡಿ ಪತ್ರಿಕೆಗಳಿಗೆ ಕಳಿಸುತ್ತಿದ್ದರು. ಪ್ರಕಾಶಕರು ಸಿಗದಿದ್ದಾಗ ಚೀಟಿ ಎತ್ತಿ, ಆ ದುಡ್ಡಿನಲ್ಲಿ ತಾವೇ 500 ಪ್ರತಿ ಅಚ್ಚು ಹಾಕಿಸಿದರು. ಅಲ್ಲಿಂದ ಶುರುವಾಯಿತು. ನುಡಿ ತಂತ್ರಾಂಶದಲ್ಲಿ ಟೈಪಾಗಿದ್ದನ್ನು ಯುನಿಕೋಡ್‌ಗೆ ಬದಲಿಸುವಾಗ ಕೆಲವು ಪುಟಗಳಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದವು. ಪ್ರೂಫ್ ನೋಡಿ ಮುಗಿಸಿದ ಮೇಲೆ ಆದ ಎಡವಟ್ಟು. ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್, ಮಾಡಿಸಿಕೊಡುತ್ತೇವೆ ಎಂದು ಯಾರೋ ದುಡ್ಡು ಕಿತ್ತರು. ನಮ್ಮ ದೇಶದಲ್ಲಿ ಆ ಸಂಖ್ಯೆಯನ್ನು ಕೇಂದ್ರ ಸರ್ಕಾರ ಪುಕ್ಕಟೆ ಕೊಡುತ್ತದೆ, ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅಂಗಡಿಯವರು ಶೇ. 40 ಕಮಿಷನ್ ಕೇಳಿದರು, ಅದೂ ಮಾರಾಟವಾದ ಮೇಲೆ ಲೆಕ್ಕ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ ಕಾಯುವುದೂ ನಡೆದಿತ್ತು. ಬಿಡುಗಡೆಗೆ ಬಂದವರು ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು, ಗೌರವ ಪ್ರತಿ ಹಿಡಿದು ಹೋದರು. ಉಳಿದದ್ದೆಲ್ಲ ಮಂಚದ ಕೆಳಗೆ.

ಇದಿಷ್ಟೇ ಕಾರಣ ಎಂದು ನನಗೆ ಅನ್ನಿಸಲಿಲ್ಲ. ಸ್ವಂತ ಖರ್ಚಿನಲ್ಲಿ ಪುಸ್ತಕ ತಂದವರ ಮನೆಗಳಲ್ಲಿ ಇಂಥ ಕಟ್ಟುಗಳು ಅಪರೂಪವೇನಲ್ಲ, ಅಲ್ವಾ? ನಿದ್ದೆ ಬಾರದಾಗ ಏನು ಮಾಡುತ್ತೀರಿ ಎಂದು ಕೇಳಿದೆ. ನಾಚಿಕೊಂಡು, “ರೈಲಿನ ಟೈಮ್‌ಟೇಬಲ್ ನೋಡ್ತೀನಿ ಮೇಡಂ” ಎಂದರು.

ಕನ್ಯಾಕುಮಾರಿಯಿಂದ ಅಸ್ಸಾಮಿನ ದಿಬ್ರುಗಢಕ್ಕೆ ಹೋಗುವ ವಿವೇಕ್ ಎಕ್ಸ್‌ಪ್ರೆಸ್. ದೇಶದ ಅತಿ ಉದ್ದದ ರೈಲು ಮಾರ್ಗ, 4,000 ಕಿಲೋಮೀಟರಿಗೂ ಜಾಸ್ತಿ, ರೈಲಿನಲ್ಲೇ ಮೂರು ರಾತ್ರಿ. ಅದರ ನಿಲ್ದಾಣಗಳು ಅವರಿಗೆ ಬಾಯಿಪಾಠ. ಇದುವರೆಗೆ ಹೋಗಿದ್ದು ಮಾತ್ರ ಧರ್ಮಸ್ಥಳ, ತಿರುಪತಿ. ಅದೂ ಮನೆಯವರ ಹರಕೆ ತೀರಿಸಲು.

“ಅಡುಗೆ ಮನೆಯಿಂದ ಮೂರು ದಿನ ಬಿಡುವು ಸಿಗಲಿ ಅಂತಾನಾ?” ಎಂದೆ. ಪ್ರಯಾಣದ ಆಸೆ ಕಂಡರೆ ಅದರ ಹಿಂದೆ ಇನ್ನೇನೋ ಹುಡುಕುವುದು ನಮ್ಮ ವೃತ್ತಿಯವರ ಚಾಳಿ. “ಬಿಡುವು ಬೇಕು, ಇಲ್ಲ ಅನ್ನಲ್ಲ. ಆದರೆ ನಾನು ಬ್ರಹ್ಮಪುತ್ರಾ ನೋಡಬೇಕು” ಎಂದರು. ಸರಿ, ಬ್ರಹ್ಮಪುತ್ರಾ ಎಂದೇ ಬರೆದುಕೊಂಡೆ.

ಮುಂದಿನ ಭೇಟಿಗೆ ಗಂಡನೂ ಬಂದರು. ಒಳ್ಳೆಯ ಮನುಷ್ಯ, ತಮಾಷೆಯ ಸ್ವಭಾವ. “ಆ ಬುಕ್ಕಿಗೆ ಸುರಿದ ದುಡ್ಡಲ್ಲಿ ಇವಳು ಇಡೀ ಇಂಡಿಯಾ ಸುತ್ತಬಹುದಿತ್ತು ಮೇಡಂ” ಎಂದು ನಕ್ಕರು. ಆಕೆ ತಲೆ ಎತ್ತಲಿಲ್ಲ. ಈ ಮಾತು ಮನೆಗೆ ನೆಂಟರು ಬಂದಾಗಲೆಲ್ಲ ಬರುತ್ತಿತ್ತಂತೆ. ಯಾರಿಗೂ ಹೇಳದೆ ಈಕೆ ಒಂದು ಶಪಥ ಮಾಡಿಕೊಂಡಿದ್ದರು: ಪುಸ್ತಕದ ದುಡ್ಡು ವಾಪಸ್ ಬರುವ ತನಕ ಎಲ್ಲಿಗೂ ಹೋಗುವುದಿಲ್ಲ. ಮಂಚದ ಕೆಳಗಿನ ಒಂದೊಂದು ಪ್ರತಿಯೂ ತಪ್ಪಿಹೋದ ಪ್ರಯಾಣದ ಲೆಕ್ಕವಾಗಿತ್ತು. ಅದರ ಮೇಲೇ ಮಲಗಬೇಕು. ನಿದ್ದೆ ಹೇಗೆ ಬಂದೀತು?

ಖಿನ್ನತೆ ಇರಬಹುದೇ ಎಂದು ಮೊದಲೇ ವಿಚಾರಿಸಿದ್ದೆ. ಊಟ, ಕೆಲಸ, ಜನರ ಜೊತೆ ಬೆರೆಯುವುದು ಎಲ್ಲ ಸರಿಯಾಗಿತ್ತು. ಎರಡು ವಾರಕ್ಕೂ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕೇ ಬೇಡ ಅನ್ನಿಸುತ್ತದೆ ಎಂದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟೆ. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ಒಂದೇ. ಪುಸ್ತಕದ ಲೆಕ್ಕವನ್ನೂ ಪ್ರಯಾಣದ ಲೆಕ್ಕವನ್ನೂ ಬೇರೆ ಮಾಡಿ. ಚೀಟಿಯ ದುಡ್ಡು ಖರ್ಚಾಗಿದೆ, ಅದನ್ನು ಖರ್ಚು ಎಂದೇ ಬರೆಯಿರಿ. ಮಾರಿದ್ದರಿಂದ ಬಂದದ್ದು ಮುಂದಿನ ಪುಸ್ತಕಕ್ಕೆ. ಪ್ರಯಾಣಕ್ಕೆ ನಿಮ್ಮ ಸಂಬಳದಿಂದಲೇ ತಿಂಗಳಿಗೆ ಇಷ್ಟು ಎಂದು ಬ್ಯಾಂಕಿನಲ್ಲಿ ಒಂದು ಆರ್.ಡಿ. ಮಾಡಿಸಿ, ಹೆಸರು ನಿಮ್ಮದೊಬ್ಬರದೇ ಇರಲಿ. ಇದಕ್ಕೆ ಗಂಡನ ಮುಖ ಸ್ವಲ್ಪ ಸಣ್ಣದಾಯಿತು. ನೆಂಟರ ಮುಂದಿನ ಆ ತಮಾಷೆ ನಿಲ್ಲಿಸಿ ಎಂದು ಅವರಿಗೆ ನೇರವಾಗಿಯೇ ಹೇಳಿದೆ.

ಕಟ್ಟುಗಳನ್ನು ಮಲಗುವ ಕೋಣೆಯಿಂದ ಎತ್ತಿ ಅಟ್ಟಕ್ಕೆ ಹಾಕಲು ಹೇಳಿದೆ. ರದ್ದಿಗೆ ಹಾಕಿಬಿಡಲಾ ಎಂದು ಕೇಳುತ್ತಿದ್ದರು. ಮೂರು ತಿಂಗಳು ಆ ಮಾತೇ ಬೇಡ ಎಂದೆ. ತಪ್ಪಾದ ಪುಟಗಳಿಗೆ ಒಂದು ತಿದ್ದುಪಡಿ ಚೀಟಿ ಅಚ್ಚು ಮಾಡಿಸಿ ಒಳಗಿಟ್ಟರೆ ಸಾಕು, ಓದುವವರು ಓದುತ್ತಾರೆ. ಪರಿಚಯದವರು ಪ್ರತಿ ಕೇಳಿದರೆ ನಾಚದೆ ಬೆಲೆ ಹೇಳಬೇಕು. ಇದನ್ನು ಕೌನ್ಸೆಲಿಂಗ್ ಕೋಣೆಯಲ್ಲೇ ಅಭ್ಯಾಸ ಮಾಡಿಸಿದೆ. “ನೂರೈವತ್ತು ರೂಪಾಯಿ” ಎನ್ನಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಇನ್ನೊಂದು ಮನೆಗೆಲಸ ಕೊಟ್ಟೆ. ದಿಬ್ರುಗಢ ಆದಾಗ ಆಗಲಿ, ಅಲ್ಲಿಯ ತನಕ ಸುಮ್ನೆ ಕೂರುವುದು ಬೇಡ. ಮನಸ್ಸು ಸರಿಯಾಗಲಿ ಎಂದು ಕಾಯುವ ಬದಲು, ಇಷ್ಟವಾದ ಕೆಲಸವನ್ನು ದಿನ ಗೊತ್ತುಮಾಡಿ ಮಾಡಿದರೆ ಮನಸ್ಸು ತಾನಾಗಿ ಹಿಂದೆ ಬರುತ್ತದೆ. 2023ರ ಜೂನ್‌ನಿಂದ ರಾಜ್ಯದೊಳಗೆ ಸರ್ಕಾರಿ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ತಿಂಗಳಿಗೊಂದು ಭಾನುವಾರ, ಒಬ್ಬರೇ, ಹರಕೆ ಇಲ್ಲದ ಊರಿಗೆ. ಅತ್ತೆಯ ಊಟದ ಹೊಣೆ ಆ ದಿನ ಅಪ್ಪ, ಮಗನದು.

ಮೊದಲ ಸಲ ಸಂತೇಬೆನ್ನೂರಿಗೆ ಹೋದರು. ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿಂದೆ, ಏನೂ ಬರೆಯಲಿಲ್ಲ ಎಂದರು. ಎರಡನೇ ಸಲ ಚಿತ್ರದುರ್ಗ. ಅಲ್ಲಿಂದ ವಾಪಸ್ ಬರುವಾಗ ಬಸ್ಸಿನಲ್ಲೇ ಪಕ್ಕದ ಸೀಟಿನ ಅಜ್ಜಿಯ ಬಗ್ಗೆ ಎರಡು ಪುಟ ಗೀಚಿದ್ದರು. ನಿದ್ದೆ ಈಗ ಸುಮಾರಾಗಿ ಬರುತ್ತಿದೆ. ಪುಸ್ತಕ ಅಂಥ ಜೋರಾಗೇನೂ ಮಾರಾಟವಾಗಿಲ್ಲ, ಗ್ರಂಥಾಲಯದಿಂದ ಉತ್ತರವೂ ಬಂದಿಲ್ಲ. ಆರ್.ಡಿ. ನಡೆಯುತ್ತಿದೆ. ದಿಬ್ರುಗಢಕ್ಕೆ ನಾನೂ ಬರುತ್ತೇನೆ ಎಂದು ಗಂಡ ಹಿಂದೆ ಬಿದ್ದಿದ್ದಾರಂತೆ. ಈಕೆ ಇನ್ನೂ ಒಪ್ಪಿಲ್ಲ.