ಮೂರು ಸಿದ್ಧಾಂತ ಕಲಸಿಹೋಗುತ್ತಿದ್ದರೆ ಒಂದೇ ಘಟನೆ ಹಿಡಿಯಿರಿ

ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತಗಳಾದ ರಿಯಲಿಸಂ, ಲಿಬರಲಿಸಂ, ಕನ್‌ಸ್ಟ್ರಕ್ಟಿವಿಸಂ ಮೂರನ್ನೂ ಓದಿದ್ದೀರಿ, ಆದರೆ ಉತ್ತರ ಬರೆಯುವಾಗ ಎಲ್ಲಾ ಕಲಸಿಹೋಗುತ್ತದೆ ಅಂದಿದ್ದೀರಿ, ಅಲ್ವಾ? ವ್ಯಾಖ್ಯೆಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಒಂದೇ ಘಟನೆಯನ್ನು ಮೂರೂ ಕಡೆಯಿಂದ ನೋಡಿ.

1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ತಗೊಳ್ಳಿ. ರಿಯಲಿಸ್ಟ್ ಬಲಾಬಲದ ಲೆಕ್ಕ ಹಾಕುತ್ತಾನೆ. ಅಮೆರಿಕದ ಕ್ಷಿಪಣಿಗಳು ಟರ್ಕಿಯಲ್ಲಿದ್ದವು, ಸೋವಿಯತ್ ಒಕ್ಕೂಟ ತನ್ನದನ್ನು ಕ್ಯೂಬಾದಲ್ಲಿ ಇಟ್ಟಿತು. ಕೊನೆಗೆ ಎರಡೂ ಜಾಗ ಖಾಲಿಯಾದವು. ಟರ್ಕಿಯಿಂದ ಕ್ಷಿಪಣಿ ತೆಗೆಯುವ ಮಾತನ್ನು ಮಾತ್ರ ಆಗ ಗುಟ್ಟಾಗಿಟ್ಟರು. ಲಿಬರಲ್ ಕಣ್ಣಿಗೆ ಬೀಳುವುದು ಸಂಸ್ಥೆಗಳು, ಸಹಕಾರ: ವಿಶ್ವಸಂಸ್ಥೆಯ ಮುಖ್ಯಸ್ಥ ಊ ಥಾಂಟ್ ಮಧ್ಯಸ್ಥಿಕೆ, ಎರಡೂ ದೇಶಗಳ ನಾಯಕರು ನೇರವಾಗಿ ಸಂಪರ್ಕಿಸಲು 1963ರಲ್ಲಿ ಹಾಕಿದ ಹಾಟ್‌ಲೈನ್.

ಕನ್‌ಸ್ಟ್ರಕ್ಟಿವಿಸಂ ಸ್ವಲ್ಪ ಜಾಸ್ತಿ ತಲೆ ತಿನ್ನುತ್ತದೆ. ನನಗಂತೂ ಒಂದು ಸೆಮಿಸ್ಟರ್ ಪೂರ್ತಿ ಬೇಕಾಯಿತು! ಹೀಗೆ ಯೋಚಿಸಿ: ಬ್ರಿಟನ್ 1952ರಲ್ಲೇ ಅಣುಬಾಂಬ್ ಸಿಡಿಸಿತ್ತು. ಅದರಿಂದ ಅಮೆರಿಕದ ನಿದ್ದೆ ಕೆಡಲಿಲ್ಲ. ಕ್ಯೂಬಾದ ಕ್ಷಿಪಣಿಗಳಿಂದ ಕೆಟ್ಟಿತು. ಆಯುಧ ಎಷ್ಟಿದೆ ಅನ್ನುವುದಷ್ಟೇ ಅಲ್ಲ, ಅದನ್ನು ಹಿಡಿದವನನ್ನು ನಾವು ಗೆಳೆಯ ಅನ್ನುತ್ತೇವೋ ಶತ್ರು ಅನ್ನುತ್ತೇವೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಇದು ಹಿಡಿತಕ್ಕೆ ಸಿಕ್ಕ ಮೇಲೆ 1971ರ ಬಾಂಗ್ಲಾ ಯುದ್ಧವನ್ನು ನೀವೇ ಹೀಗೆ ಬರೆದು ನೋಡಿ. ಆ ವರ್ಷದ ಆಗಸ್ಟ್‌ನ ಭಾರತ–ಸೋವಿಯತ್ ಒಪ್ಪಂದದಿಂದ ಶುರು ಮಾಡಿದರೆ ಸುಲಭ.